ತೆರೆಯ ಹಿಂದೆ ದಾರ ಹಿಡಿದವರು

ಕಳೆದ ವಾರ್ಷಿಕೋತ್ಸವದ ಮರುದಿನ ಬೆಳಗ್ಗೆ ಬದನಗುಪ್ಪೆಯಿಂದ ತಂದೆಯವರೊಬ್ಬರು ನನ್ನ ಕೊಠಡಿಗೆ ಬಂದರು. ಮನೆಮಂದಿಯೆಲ್ಲ ಹೊಲದ ಕೆಲಸ ಬಿಟ್ಟು ನಾಟಕ ನೋಡಲು ಬಂದಿದ್ದರಂತೆ. ಎರಡು ಗಂಟೆಯ ಕಾಲ ರಂಗವನ್ನೇ ದಿಟ್ಟಿಸಿ ಕುಳಿತರೂ ಮಗಳ ಮುಖ ಒಂದು ಸಲವೂ ಕಾಣಲಿಲ್ಲವಂತೆ. “ಅಮ್ಮಾವರೇ, ನಮ್ಮ ಮಗಳು ಏನು ತಪ್ಪು ಮಾಡಿದಳು?” ಎಂದು ಕೇಳಿದರು. “ದುಂಬಿಯನ್ನು ಹಾರಿಸಿದವಳು ಅವಳೇ” ಎಂದೆ. ಅವರಿಗೆ ಸಮಾಧಾನವಾದಂತೆ ತೋರಲಿಲ್ಲ. ಅಂದು ಹೇಳಲಾಗದೆ ಉಳಿದ ಮಾತನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಸಮ್ಮುಖದಲ್ಲಿ ಈಗ ಅರಿಕೆಮಾಡಿಕೊಳ್ಳುತ್ತೇನೆ.

ನಾವು ಆಡಿದ್ದು ಶಾಕುಂತಲದ ಕೆಲವು ದೃಶ್ಯಗಳನ್ನು. ನಮ್ಮ ಮೈಸೂರು ಸೀಮೆಗೆ ಈ ನಾಟಕ ಹೊಸದಲ್ಲ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಇದನ್ನು ಕನ್ನಡಿಸಿದ ಮೇಲೆ ಅರಮನೆಯ ನಾಟಕ ಸಭೆಯವರು ಅಭಿನಯಿಸಿದರು. ಇದರ ಮೊದಲನೆಯ ಅಂಕದಲ್ಲಿ ದುಂಬಿಯೊಂದು ಶಕುಂತಲೆಯ ಮುಖವನ್ನು ಸುತ್ತಿ ಕಾಡುವುದಷ್ಟೆ. ಬರಿಯ ಅಭಿನಯದಿಂದಲೇ ಅದನ್ನು ತೋರಿಸಬಹುದು, ಹಾಗೆ ತೋರಿಸಿದವರೂ ಉಂಟು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಮಾತ್ರ ದುಂಬಿ ಬೇಕೇ ಬೇಕು ಎಂದು ಹಟ ಹಿಡಿದರು.

ಉದ್ದವಾದ ಬಿದಿರುಕೋಲಿನ ತುದಿಗೆ ಎರಡಡಿಯ ಸಣ್ಣ ಉಕ್ಕಿನ ತಂತಿ. ತಂತಿಯ ತುದಿಯಲ್ಲಿ ಕಪ್ಪು ನೂಲು ಸುತ್ತಿದ ಹತ್ತಿಯುಂಡೆ. ರೆಕ್ಕೆಗೆ ಪಾರದರ್ಶಕವಾದ ಕಾಗದದ ಎರಡು ಚೂರು. ಮೊದಲು ನಿಂಬೆಹಣ್ಣಿನ ಗಾತ್ರ ಮಾಡಿದರು, ನೋಡಿದವರೆಲ್ಲ ನಕ್ಕರು. ಅಡಕೆಯ ಗಾತ್ರಕ್ಕೆ ಇಳಿಸಿದಾಗ ಸರಿಹೋಯಿತು. ದೀಪಕ್ಕೆ ತಂತಿ ಹೊಳೆದರೆ ಗುಟ್ಟು ರಟ್ಟಾಗುವುದರಿಂದ ಅದಕ್ಕೆ ಮಂಕಾದ ಕಪ್ಪು ಬಣ್ಣ ಬಳಿದು, ಹಿಂದೆ ಕಡುಹಸಿರಿನ ತೆರೆ ಕಟ್ಟಿದರು. ಬಾಚಣಿಗೆಯ ಮೇಲೆ ತೆಳ್ಳನೆಯ ಕಾಗದವಿಟ್ಟು ಮತ್ತೊಬ್ಬಳು ಝೇಂಕಾರ ಹೊರಡಿಸಿದಳು. ಕೋಲು ಹಿಡಿದವಳು ಕಲಿಯಬೇಕಾದ ಗುಟ್ಟು ಒಂದೇ: ಕೈಯನ್ನು ಒಮ್ಮೆ ತಿರುಗಿಸಿ ಸ್ಥಿರವಾಗಿ ನಿಲ್ಲಿಸಿದರೆ ತಂತಿ ತನ್ನ ಬಿಗುವಿನಿಂದ ತಾನೇ ನಡುಗುವುದು, ಕೈಯನ್ನೇ ಅಲುಗಿಸುತ್ತಿದ್ದರೆ ದುಂಬಿ ಹಾರುವುದಿಲ್ಲ, ಹತ್ತಿಯುಂಡೆ ಓಲಾಡುವುದು. ಇದನ್ನು ಕಲಿಯಲು ಆಕೆಗೆ ಹನ್ನೊಂದು ದಿನ ಹಿಡಿಯಿತು. ಶಕುಂತಲೆಯ ಪಾತ್ರದವಳ ಕಣ್ಣು ಉಂಡೆಯ ಜಾಡನ್ನೇ ಹಿಡಿದು ಸುತ್ತಬೇಕಾದುದರಿಂದ ಅವಳಿಗೂ ಅಷ್ಟೇ ದಿನ ಹಿಡಿಯಿತು. ಅವಳ ಕಣ್ಣು ನಂಬದಿದ್ದರೆ ಸಭೆಯೂ ನಂಬದು. ಈ ಭ್ರಮೆ ಇಬ್ಬರು ಕೂಡಿ ಮಾಡಿದ್ದು. ಅವರಲ್ಲಿ ಒಬ್ಬಳನ್ನು ಮಾತ್ರ ನೀವು ನೋಡಿದಿರಿ.

ನಾಲ್ಕನೆಯ ಅಂಕದಲ್ಲಿ ಕಣ್ವಾಶ್ರಮದ ಮರಗಳು ಶಕುಂತಲೆಗೆ ರೇಷ್ಮೆಯನ್ನೂ ಒಡವೆಗಳನ್ನೂ ಕೊಡುತ್ತವೆ; ವನದೇವತೆಗಳ ಕೈಗಳು ಮಣಿಕಟ್ಟಿನವರೆಗೆ ಮಾತ್ರ ಕಾಣಿಸಿಕೊಳ್ಳುತ್ತವೆ. ಕಾಳಿದಾಸನು ಇದನ್ನು ಋಷಿಕುಮಾರನ ಬಾಯಿಂದ ಹೇಳಿಸಿದ್ದಾನೆ. ನಾವು ತೋರಿಸುವ ಧೈರ್ಯ ಮಾಡಿದೆವು. ರಟ್ಟಿನ ಮರದಲ್ಲಿ ಸೀಳುಗಳನ್ನು ಕೊಯ್ದು, ಮೇಲೆ ಎಲೆಗಳನ್ನು ಹೊದಿಸಿ, ಹಿಂದೆ ನಾಲ್ವರನ್ನು ನಿಲ್ಲಿಸಿದ್ದೆವು. ಮಲ್ಲಿಗೆಯ ಬಳ್ಳಿ ಅರಳಿದ್ದು ಹೀಗೆ: ಪ್ರತಿ ಮೊಗ್ಗಿನ ಎಸಳುಗಳಿಗೂ ಒಳಗೆ ತಂತಿ, ತಂತಿಗೆ ದಾರ, ದಾರ ಟೊಳ್ಳು ಬಿದಿರಿನೊಳಗಿಂದ ಕೆಳಕ್ಕೆ. ಎಳೆದರೆ ಹೂವು ಬಿಚ್ಚುವುದು, ಬಿಟ್ಟರೆ ರಬ್ಬರಿನ ಬಿಗಿತಕ್ಕೆ ಮುಚ್ಚುವುದು.

ಇದು ಮಕ್ಕಳಾಟವೆಂದು ಹಗುರವಾಗಿ ನುಡಿಯುವವರು ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯದ ಅಧ್ಯಾಯವನ್ನು ನೋಡಬೇಕು. ರಂಗದ ಕೃತಕ ವಸ್ತುಗಳಿಗೆ ಅಲ್ಲಿ ‘ಪುಸ್ತ’ವೆಂದು ಹೆಸರು. ಅದರ ಬಗೆಗಳಲ್ಲಿ ಯಂತ್ರದಿಂದ ಚಲಿಸತಕ್ಕದ್ದು ‘ವ್ಯಾಜಿಮ’. ಒಡವೆಗಳು ಭಾರವಾದರೆ ನಟನು ಬಳಲುವನಾದುದರಿಂದ ಅರಗು, ಅಭ್ರಕಗಳಿಂದ ಹಗುರವಾಗಿ ಮಾಡಬೇಕೆಂಬ ವಿವೇಕವೂ ಅಲ್ಲಿಯೇ ಇದೆ. ನಿಜವಾದ ವಸ್ತುವನ್ನು ತಂದಿಡುವುದು ಕಲೆಯಲ್ಲವೆಂಬುದನ್ನು ಹಿಂದಿನವರು ಅರಿತಿದ್ದರು.

ಈ ಮಾತನ್ನು ಹೇಳುವಾಗ ಗುಬ್ಬಿ ವೀರಣ್ಣನವರ ನೆನಪಾಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ ವೀರಣ್ಣನವರ ಕಾಲದಲ್ಲಿ ರಂಗವೈಭವಕ್ಕೆ ನಾಡಿನಲ್ಲೆಲ್ಲ ಹೆಸರಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳೇ ಬಂದುವು. ನಮ್ಮ ಸೀಮೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪೆನಿಯ ನಟರಾಗಿದ್ದರು. ಅವರ ಮಗ ರಾಜ್‌ಕುಮಾರರೂ ಚಿಕ್ಕಂದಿನಲ್ಲೇ ಅಲ್ಲಿ ಸೇರಿದರು. ಆ ಕಂಪೆನಿಯ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಆನೆಯನ್ನು ಕರೆತರಲು ಹಣ ಬೇಕು; ಗೋಣಿತಟ್ಟಿನೊಳಗೆ ಇಬ್ಬರು ಹುಡುಗಿಯರು ಹೊಕ್ಕು ಆನೆಯಾಗಲು ಬುದ್ಧಿ ಬೇಕು. ಶಾಲೆಯಲ್ಲಿ ಇರಬೇಕಾದುದು ಎರಡನೆಯದು.

ಹಣದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಮುಂದಿನ ವರ್ಷ ಎಲ್‌ಇಡಿ ಪರದೆಯನ್ನು ಬಾಡಿಗೆಗೆ ತರಿಸಿದರೆ ಕಾಡು, ಮಳೆ, ಮಿಂಚು ಎಲ್ಲವೂ ಸುಲಭವಾಗಿ ಬರುವುವೆಂದು ಹಿತೈಷಿಗಳು ಸೂಚಿಸಿದ್ದಾರೆ. ಬರುವುವು, ಸಂದೇಹವಿಲ್ಲ. ಗುಂಡಿಯನ್ನು ಒತ್ತುವವನು ಮಾತ್ರ ಬಾಡಿಗೆಯವನು. ನಮ್ಮ ಮೂವತ್ತು ಹುಡುಗಿಯರಿಗೆ ಕೆಲಸವಿಲ್ಲ. ಈ ವರ್ಷ ಗುಡುಗಿಗೆ ಅವರು ತಗಡಿನ ಹಾಳೆಯನ್ನು ತೂಗುಹಾಕಿ ಅಲುಗಿಸಿದರು. ಮಳೆಗೆ ಉದ್ದನೆಯ ಪೆಟ್ಟಿಗೆಯೊಳಗೆ ಮೊಳೆಗಳನ್ನು ಹೊಡೆದು ಕಡಲೆಕಾಳು ಉರುಳಿಸಿದರು. ಗರಗಸವನ್ನೂ ಬೈರಿಗೆಯನ್ನೂ ಹಿಡಿಯುವುದನ್ನು ಊರಿನ ಬಡಗಿಯೊಬ್ಬರು ಕಲಿಸಿಕೊಟ್ಟರು. ಹೆಣ್ಣುಮಕ್ಕಳಿಗೆ ಬಣ್ಣದ ಕುಂಚವನ್ನಾದರೆ ಎಲ್ಲರೂ ಕೊಡುತ್ತಾರೆ, ಗರಗಸವನ್ನು ಕೊಡಲು ಹಿಂಜರಿಯುತ್ತಾರೆ. 1862ರಲ್ಲಿ ಲಂಡನ್ನಿನ ಪಾಲಿಟೆಕ್ನಿಕ್ಕಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ ಪ್ರೇತವನ್ನು ತೋರಿಸಿದ ಕಥೆಯನ್ನು ವಿಜ್ಞಾನದ ಉಪಾಧ್ಯಾಯಿನಿಯವರು ಹೇಳಿದರು. ಮರುದಿನವೇ ಮಕ್ಕಳು ಕಿಟಕಿಯ ಗಾಜೊಂದನ್ನು ತಂದು, ಅದರ ಹಿಂದೆ ನೀರಿನ ಲೋಟವನ್ನೂ ಮುಂದೆ ಅಷ್ಟೇ ದೂರದಲ್ಲಿ ಮೇಣದ ಬತ್ತಿಯನ್ನೂ ಇಟ್ಟು, ನೀರಿನೊಳಗೆ ದೀಪ ಉರಿಯುವುದನ್ನು ಕಂಡರು. ಪ್ರತಿಬಿಂಬದ ಪಾಠವನ್ನು ನಾನು ಅವರಿಗೆ ಮತ್ತೆ ಮಾಡಬೇಕಾಗಲಿಲ್ಲ.

ನನ್ನ ನಿರ್ಬಂಧಗಳು ಎರಡು. ಮಗುವನ್ನು ನೆಲದಿಂದ ಮೇಲಕ್ಕೆ ಎತ್ತುವ ಯಾವ ಯಂತ್ರವೂ ಬೇಡ. ರಂಗದ ಮೇಲೆ ಬೆಂಕಿ ಬೇಡ. ಮೊದಲನೆಯದನ್ನು ನಾನು ಪಶ್ಚಾತ್ತಾಪದಿಂದ ಕಲಿತೆ. ಹದಿನೈದು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ, ಕಿನ್ನರಿಯ ವೇಷದ ಪುಟ್ಟ ಹುಡುಗಿಯನ್ನು ಹಗ್ಗ ರಾಟೆಗಳಿಂದ ಮೇಲಕ್ಕೆತ್ತಿದ್ದರು. ಗಂಟು ಜಾರಿತು. ನಾಲ್ಕಡಿಯಿಂದ ಬಿದ್ದು ಆಕೆಯ ಮಣಿಕಟ್ಟು ಮುರಿಯಿತು. ಆ ಗಂಟನ್ನು ಪರೀಕ್ಷಿಸದೆ ಚಪ್ಪಾಳೆ ತಟ್ಟುತ್ತ ನಿಂತವರಲ್ಲಿ ನಾನೂ ಒಬ್ಬಳು. ಎರಡನೆಯದಕ್ಕೆ ಮೈಸೂರಿನವರಿಗೆ ವಿವರಣೆ ಬೇಡ: 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೋದಲ್ಲಿ ಟೀಪುವಿನ ಕಥೆಯ ಚಿತ್ರೀಕರಣ ನಡೆಯುತ್ತಿದ್ದಾಗ ಹತ್ತಿದ ಬೆಂಕಿಯಲ್ಲಿ 62 ಮಂದಿ ಮಡಿದರು.

ಆದುದರಿಂದಲೇ ಶಕುಂತಲೆಯನ್ನು ದಿವ್ಯಜ್ಯೋತಿಯೊಂದು ಕೊಂಡೊಯ್ಯುವ ಸಂದರ್ಭದಲ್ಲಿ ನಾವು ಹಗ್ಗದ ಗೊಡವೆಗೆ ಹೋಗಲಿಲ್ಲ. ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಅದರ ಹಿಂದೆ ಅವಳನ್ನು ನಿಲ್ಲಿಸಿದೆವು. ಹಿಂದಿನ ದೀಪ ಬೆಳಗುತ್ತಿರುವಷ್ಟು ಹೊತ್ತು ಬಟ್ಟೆ ಇಲ್ಲವೆಂಬಂತೆ ಅವಳು ಕಾಣುವಳು. ಆ ದೀಪವನ್ನು ಮೆಲ್ಲನೆ ತಗ್ಗಿಸಿ ಮುಂದಿನದನ್ನು ಪಕ್ಕದಿಂದ ಏರಿಸಿದರೆ ಬೆಳಕು ಬಟ್ಟೆಯ ಎಳೆಗಳ ಮೇಲೆಯೇ ನಿಂತು ಬೆಳ್ಳನೆಯ ಗೋಡೆಯಾಗುವುದು, ಅವಳು ಮಾಯವಾಗುವಳು. ಸಭೆಯಲ್ಲಿ ಅಜ್ಜಿಯೊಬ್ಬರು ಎದ್ದು ನಿಂತರು. ಆ ಹೊತ್ತಿನಲ್ಲಿ ಶಕುಂತಲೆಯ ಪಾದಗಳು ನೆಲವನ್ನು ಬಿಟ್ಟಿರಲಿಲ್ಲ.

ಬದನಗುಪ್ಪೆಯ ತಂದೆಯವರ ದೂರಿನಲ್ಲಿ ನ್ಯಾಯವೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಕಾರ್ಯಕ್ರಮದ ಪತ್ರಿಕೆಯಲ್ಲಿ ನಾವು ಪಾತ್ರಧಾರಿಣಿಯರ ಹೆಸರುಗಳನ್ನಷ್ಟೇ ಅಚ್ಚುಹಾಕಿಸಿದ್ದೆವು. ಛಾಯಾಚಿತ್ರಕ್ಕೂ ಬಣ್ಣ ಹಚ್ಚಿದವರನ್ನೇ ಕರೆದೆವು. ತಪ್ಪು ನಮ್ಮದು. ಇನ್ನು ಮುಂದೆ ದುಂಬಿ, ಮಳೆ, ಮರ, ದೀಪಗಳ ಎದುರಿಗೂ ಹೆಸರುಗಳಿರುವುವು.

ಅವರ ಮಗಳಿಗೆ ಈ ವರ್ಷ ಸಖಿಯ ಪಾತ್ರವನ್ನು ಕೊಡುತ್ತೇನೆಂದೆ. ಬೇಡವೆಂದಳು, ಮೀನಿನ ಹೊಟ್ಟೆಯಿಂದ ಉಂಗುರ ತಾನಾಗಿ ಹೊರಬರುವಂತೆ ಮಾಡುವ ಉಪಾಯವೊಂದು ಅವಳಿಗೆ ಹೊಳೆದಿದೆಯಂತೆ. ಆದುದರಿಂದ ಈ ಸಲವೂ ಅವಳ ಮುಖ ಸಭೆಗೆ ಕಾಣದು. ರಂಗದ ಎಡಪಕ್ಕದ ಬಾಗಿಲಿನ ಬಳಿ, ತೆರೆಯ ಒಳಭಾಗ ಕಾಣುವಂತೆ, ಎರಡು ಕುರ್ಚಿಗಳನ್ನು ಹಾಕಿಸುವೆನು. ತಂದೆಯವರು ಅವಳ ತಾಯಿಯನ್ನೂ ಕರೆತರಬೇಕೆಂದು ವಿನಂತಿ.