ಕಂಡೂ ಕಾಣದ ಕುರ್ಚಿ

ಮನೆಗೆ ಬಂದವರಿಗೆ ಮೊದಲು ಸಲ್ಲುವ ಮರ್ಯಾದೆಯೆಂದರೆ ಕುರ್ಚಿ. ಕಾಫಿ, ಫಲಾಹಾರಗಳೆಲ್ಲ ಅನಂತರದ ಮಾತು. "ಬನ್ನಿ, ಕುಳಿತುಕೊಳ್ಳಿ" ಎಂದೊಡನೆ ಅತಿಥಿಯು ಯಾವ ಶಂಕೆಯೂ ಇಲ್ಲದೆ ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾನೆ. ತೇಗದ ಕುರ್ಚಿಯೂ ಬೆತ್ತದ ಕುರ್ಚಿಯೂ ತಲೆಮಾರುಗಳ ಕಾಲ ಆ ನಂಬಿಕೆಯನ್ನು ಹೊತ್ತು ನಿಂತಿವೆ. ಈಚೆಗೆ ನಗರದ ಮನೆಗಳಲ್ಲಿ ಅವುಗಳ ಪಕ್ಕಕ್ಕೆ ಮತ್ತೊಂದು ಬಂದು ನಿಂತಿದೆ. ಅದು ಗಾಜಿನಂತೆ ತನ್ನ ಆಚೆಗಿರುವುದನ್ನೆಲ್ಲ ತೋರಿಸುವ ಪ್ಲಾಸ್ಟಿಕ್ ಕುರ್ಚಿ. ಇದು ಎಷ್ಟು ಕಾಲ ಬಾಳುತ್ತದೆ, ಇದನ್ನು ಕಾಪಾಡುವ ಬಗೆ ಯಾವುದು ಎಂಬುದು ಅನೇಕ ಗೃಹಿಣಿಯರ ಮನಸ್ಸಿನಲ್ಲಿರುವ ಪ್ರಶ್ನೆ.

ಮೈಸೂರಿನ ಒಂದು ಚಿಕ್ಕ ಮನೆ. ಊಟದ ಕೋಣೆ ತೀರ ಇಕ್ಕಟ್ಟು. ದಪ್ಪ ಮರದ ಕುರ್ಚಿಗಳಿಂದ ಅದು ಉಗ್ರಾಣದಂತೆ ಕಾಣುತ್ತಿತ್ತು. ಸೊಸೆಯು ಆಸೆಪಟ್ಟು, ತಿಂಗಳ ಖರ್ಚಿನಲ್ಲಿ ಉಳಿಸಿದ ಹಣದಿಂದ ನಾಲ್ಕು ಪಾರದರ್ಶಕ ಕುರ್ಚಿಗಳನ್ನು ತರಿಸಿದಳು. ತಂದ ದಿನ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಏನಮ್ಮ ಇದು! ಇದೆಯೋ ಇಲ್ಲವೋ ಎಂದು ತಡವಿ ನೋಡಿ ಕುಳಿತುಕೊಳ್ಳಬೇಕಲ್ಲ?"

"ಕೋಣೆ ಎಷ್ಟು ವಿಶಾಲವಾಗಿ ಕಾಣುತ್ತದೆ ನೋಡಿ, ಅತ್ತೆ" ಎಂದಳು ಸೊಸೆ.

ಮಾವನವರು ಮಾತಾಡದೆ ಒಂದರ ಮೇಲೆ ಕುಳಿತರು. ಅದು ಅಲುಗಲಿಲ್ಲ. ಅಂದಿನಿಂದ ಅದೇ ಅವರ ಕುರ್ಚಿಯಾಯಿತು.

ಪ್ಲಾಸ್ಟಿಕ್ ಎಂಬುದು ಒಂದೇ ಹೆಸರಾದರೂ ಅದರಲ್ಲಿ ಜಾತಿಗಳು ಹಲವು. ಗಾಜಿನಂತೆ ತಿಳಿಯಾಗಿರುವವುಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ಅಕ್ರಿಲಿಕ್, 1930ರ ದಶಕದಲ್ಲಿ ಬಳಕೆಗೆ ಬಂದು, ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಡೆಸುವವನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವಾಗಿ ಪ್ರಸಿದ್ಧಿ ಪಡೆಯಿತು. ಎರಡನೆಯದು ಪಾಲಿಕಾರ್ಬೊನೇಟ್, 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಇದನ್ನು ಬೇರೆಬೇರೆಯಾಗಿಯೇ ಕಂಡುಹಿಡಿದರು. ಇಟಲಿಯ ಕಾರ್ಟೆಲ್ ಸಂಸ್ಥೆಯು 2002ರಲ್ಲಿ ಫ್ರಾನ್ಸಿನ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ರಚಿಸಿದ 'ಲೂಯಿ ಘೋಸ್ಟ್' ಎಂಬ ಕುರ್ಚಿಯನ್ನು ಹೊರತಂದಿತು. ಹದಿನಾರನೆಯ ಲೂಯಿ ದೊರೆಯ ಕಾಲದ ಕೈಕುರ್ಚಿಯ ಆಕಾರವನ್ನೇ ತೆಗೆದುಕೊಂಡು, ಮೊಳೆಯಿಲ್ಲದೆ, ಬೆಸುಗೆಯಿಲ್ಲದೆ, ಇಡಿಯ ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ದದ್ದು ಅದರ ವೈಶಿಷ್ಟ್ಯ. ಅದರ ಛಾಯೆಯನ್ನು ಅನುಸರಿಸಿದ ಕುರ್ಚಿಗಳು ಈಗ ಎಲ್ಲೆಡೆಯೂ ದೊರೆಯುತ್ತವೆ.

ಪಾಲಿಕಾರ್ಬೊನೇಟ್ ಹೊಡೆತಕ್ಕೆ ಬಲು ಗಟ್ಟಿ. ಪೊಲೀಸರು ಕಲ್ಲೇಟು ತಡೆಯಲು ಹಿಡಿಯುವ ಪಾರದರ್ಶಕ ಗುರಾಣಿಯೂ ಇದರದೇ. ಆದುದರಿಂದಲೇ ಅಂಗಡಿಯವನು "ಇದು ಒಡೆಯುವುದೇ ಇಲ್ಲ" ಎನ್ನುತ್ತಾನೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಗಾಜಿಗೆ ಗೀರು ಬೀಳುವುದು ಕಷ್ಟ, ಒಡೆಯುವುದು ಸುಲಭ. ಇದಕ್ಕೆ ಒಡೆಯುವುದು ಕಷ್ಟ, ಗೀರು ಬೀಳುವುದು ಸುಲಭ. ಗಾಜೆಂದು ತಿಳಿದು ಗಾಜಿನ ಉಪಚಾರವನ್ನೇ ಇದಕ್ಕೆ ಮಾಡಿದವರು ಮೋಸಹೋಗುತ್ತಾರೆ.

ಆ ಮನೆಯಲ್ಲಿ ನಡೆದುದೂ ಅದೇ. ಮೊದಲ ವರ್ಷದ ದಸರೆಗೆ ಗೊಂಬೆ ಕೂರಿಸುವ ಸಂಭ್ರಮ. ನೆಂಟರು ಬರುವ ಮುನ್ನ ಕುರ್ಚಿಗಳು ಫಳಫಳನೆ ಹೊಳೆಯಬೇಕೆಂದು ಸೊಸೆಯು ಪಾತ್ರೆ ತಿಕ್ಕುವ ಪುಡಿಯನ್ನೂ ತೆಂಗಿನ ನಾರನ್ನೂ ಹಿಡಿದು, ಸೆರಗು ಬಿಗಿದು ಉಜ್ಜಿದಳು. ಒದ್ದೆಯಾಗಿರುವಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಒಣಗಿದ ಮೇಲೆ, ಸಂಜೆಯ ದೀಪದಲ್ಲಿ, ಕುರ್ಚಿಗಳ ಮೈಯೆಲ್ಲ ಮಂಜು ಕವಿದಂತೆ ಮಬ್ಬಾಗಿತ್ತು. ಹಿತ್ತಾಳೆಯ ಚೊಂಬಿಗೆ ಹೊಳಪು ತಂದ ಕೈಯೇ ಇಲ್ಲಿ ಹೊಳಪನ್ನು ಕಳೆದಿತ್ತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಶುಚಿತ್ವಕ್ಕೂ ಅನ್ವಯಿಸುತ್ತದೆಯೆಂದು ಪಾಪ, ಆಕೆಗೆ ಅಂದು ತಿಳಿಯಿತು.

ಒಣಬಟ್ಟೆಯಿಂದ ಒರೆಸುವುದೂ ಇದಕ್ಕೆ ಹಿತವಲ್ಲ. ಬೀದಿಯ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಕಣಗಳಿರುತ್ತವೆ. ಅವು ಪ್ಲಾಸ್ಟಿಕ್ಕಿಗಿಂತ ಗಡುಸು. ಒಣಬಟ್ಟೆಯ ಕೆಳಗೆ ಸಿಕ್ಕಿದಾಗ ಅವು ಉಪ್ಪುಕಾಗದದ ಕೆಲಸ ಮಾಡುತ್ತವೆ. ಇನ್ನೊಂದು ತೊಂದರೆಯೂ ಉಂಟು. ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಎಳೆದುಕೊಳ್ಳುವುದನ್ನು ಮಕ್ಕಳೆಲ್ಲ ಬಲ್ಲರು. ಒಣಬಟ್ಟೆಯಿಂದ ಉಜ್ಜಿದ ಕುರ್ಚಿಯೂ ಹಾಗೆಯೇ ವಿದ್ಯುದಂಶವನ್ನು ಪಡೆದು, ಒರೆಸಿದ ಧೂಳನ್ನೇ ಮತ್ತೆ ಮೈಗೆ ಕರೆದುಕೊಳ್ಳುತ್ತದೆ.

ಸರಿಯಾದ ಕ್ರಮ ಬಹಳ ಸರಳ. ಮೊದಲು ತಣ್ಣೀರು ಸುರಿದು ಧೂಳನ್ನು ಇಳಿಸಬೇಕು. ಬಳಿಕ ಒಂದು ಬಕೆಟ್ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚದಷ್ಟು ಪಾತ್ರೆ ತೊಳೆಯುವ ದ್ರವಸಾಬೂನು ಬೆರೆಸಿ, ಮೆತ್ತನೆಯ ಹತ್ತಿಬಟ್ಟೆಯನ್ನು ಅದ್ದಿ, ಒತ್ತದೆ ಸವರಬೇಕು. ಹಳೆಯ ಮಲ್ಲುಪಂಚೆಯ ತುಂಡು ಇದಕ್ಕೆ ಅತ್ಯುತ್ತಮ. ಗುಂಡಿಯೋ ಗಟ್ಟಿ ಹೊಲಿಗೆಯೋ ಇರುವ ಬಟ್ಟೆ ಬೇಡ. ಆಮೇಲೆ ಶುದ್ಧ ನೀರಿನಿಂದ ತೊಳೆದು ಒಡನೆಯೇ ಇನ್ನೊಂದು ಮೃದುವಾದ ಬಟ್ಟೆಯಿಂದ ನೀರನ್ನು ಹೀರಿಸಬೇಕು. ಕೊಳವೆಬಾವಿಯ ಗಡಸುನೀರನ್ನು ತಾನಾಗಿಯೇ ಆರಲು ಬಿಟ್ಟರೆ ಬಿಳಿಯ ಕಲೆಗಳು ಉಳಿಯುತ್ತವೆ. ಸಾರು, ಅರಿಸಿನ, ಕುಂಕುಮ ಬಿದ್ದರೆ ಆಗಿಂದಾಗಲೇ ಒದ್ದೆಬಟ್ಟೆಯಿಂದ ತೆಗೆಯಬೇಕು. ಅರಿಸಿನದ ಬಣ್ಣವು ಗೀರುಗಳೊಳಗೆ ಇಳಿದರೆ ಮತ್ತೆ ಬಿಡುವುದು ಕಷ್ಟ.

ಎರಡನೆಯ ಶತ್ರು ಬಿಸಿಲು. ಆ ಮನೆಯ ನಾಲ್ಕು ಕುರ್ಚಿಗಳಲ್ಲಿ ಪಶ್ಚಿಮದ ಕಿಟಕಿಯ ಬಳಿ ಇದ್ದದ್ದು ಮೂರನೆಯ ವರ್ಷಕ್ಕೆ ಹಳೆಯ ಕಾಗದದಂತೆ ಹಳದಿಗೆ ತಿರುಗಿತು. ಉಳಿದ ಮೂರಕ್ಕೆ ಆ ಬಣ್ಣ ಬರಲಿಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಪಾಲಿಕಾರ್ಬೊನೇಟಿನ ಮೇಲ್ಮೈಯ ಅಣುಗಳನ್ನು ಒಡೆಯುತ್ತವೆ. ಕಿಟಕಿಯ ಗಾಜು ಆ ಕಿರಣಗಳಲ್ಲಿ ಕೆಲವನ್ನು ಮಾತ್ರ ತಡೆಯುತ್ತದೆ. ಒಳ್ಳೆಯ ತಯಾರಕರು ರಕ್ಷಣೆಗಾಗಿ ಕೆಲವು ರಾಸಾಯನಿಕಗಳನ್ನು ಬೆರೆಸುವುದುಂಟು. ಅದರಿಂದ ಹಳದಿಯಾಗುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬಂದ ಹಳದಿಯನ್ನು ಯಾವ ಸಾಬೂನೂ ತೊಳೆಯಲಾರದು. ಕಿಟಕಿಗೆ ಪರದೆ ಕಟ್ಟುವುದು, ತಿಂಗಳಿಗೊಮ್ಮೆ ಕುರ್ಚಿಗಳ ಸ್ಥಾನವನ್ನು ಬದಲಾಯಿಸುವುದು, ತಾರಸಿಯ ಮೇಲೆ ಎಂದೂ ಬಿಡದಿರುವುದು, ಇವಿಷ್ಟೇ ಉಪಾಯ. ಅಕ್ರಿಲಿಕ್ ಬಿಸಿಲನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತದೆ. ಆದರೆ ಹೊಡೆತಕ್ಕೆ ಅಷ್ಟು ಗಟ್ಟಿಯಲ್ಲ. ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗತೊಡಗುವುದರಿಂದ ಒಲೆಯಿಂದ ಇಳಿಸಿದ ಪಾತ್ರೆಯನ್ನು ಅದರ ಮೇಲೆ ಇಡುವಂತಿಲ್ಲ. ಪಾಲಿಕಾರ್ಬೊನೇಟ್ ಸುಮಾರು 145 ಡಿಗ್ರಿಯವರೆಗೆ ತಾಳುತ್ತದೆ; ಕಾದ ಕಾವಲಿಗೆ ಅದೂ ನಿಲ್ಲದು.

ಮಬ್ಬೂ ಹಳದಿಯೂ ಅಂದವನ್ನು ಕೆಡಿಸುವ ಮಾತಾಯಿತು. ಮೂರನೆಯ ಶತ್ರು ಕುರ್ಚಿಯ ಬಲವನ್ನೇ ತಿನ್ನುತ್ತದೆ. ಎರಕದ ಅಚ್ಚಿನಲ್ಲಿ ಆರುವಾಗ ಪ್ಲಾಸ್ಟಿಕ್ಕಿನ ಒಳಗೆ ಒಂದು ಬಗೆಯ ಬಿಗಿತ ಉಳಿದುಬಿಡುತ್ತದೆ. ಅದರ ಮೇಲೆ ಕುಳಿತವರ ಭಾರವೂ ಸೇರುತ್ತದೆ. ಹೀಗೆ ಬಿಗಿದುಕೊಂಡಿರುವ ಜಾಗಕ್ಕೆ ಕೆಲವು ದ್ರವಗಳು ತಾಕಿದರೆ ಅಲ್ಲಿ ಕೂದಲೆಳೆಯಂಥ ಬಿರುಕುಗಳು ಬಿಚ್ಚಿಕೊಳ್ಳುತ್ತವೆ. ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್, ಪೆಟ್ರೋಲ್, ಅಮೋನಿಯ ಸೇರಿದ ಗಾಜಿನ ದ್ರಾವಣ, ವಾಷಿಂಗ್ ಸೋಡಾ, ಇವು ಯಾವುವೂ ಪಾಲಿಕಾರ್ಬೊನೇಟಿನ ಹತ್ತಿರ ಸುಳಿಯಬಾರದು. ಅಕ್ರಿಲಿಕ್ಕಿಗೆ ಸ್ಪಿರಿಟ್ಟೂ ಆಗದು. ಬಹುಮಂದಿಗೆ ತಿಳಿಯದ ಸಂಗತಿ ಮತ್ತೊಂದಿದೆ. ರೆಕ್ಸಿನ್ ಮೊದಲಾದ ಮೆದು ಪಿವಿಸಿ ಹೊದಿಕೆಗಳಲ್ಲಿ ಅವನ್ನು ಮೃದುಗೊಳಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥವಿರುತ್ತದೆ. ಹೊದಿಕೆಯು ಬಹುಕಾಲ ಅಂಟಿಕೊಂಡಿದ್ದರೆ ಆ ಪದಾರ್ಥವೂ ಮೆಲ್ಲಗೆ ಒಸರಿ ಪಾಲಿಕಾರ್ಬೊನೇಟನ್ನು ಬಿರಿಯುವಂತೆ ಮಾಡಬಲ್ಲುದು.

ಮಾವನವರಿಗೆ ಬೆನ್ನುನೋವು. ಅದಕ್ಕಾಗಿ ಅವರ ಕುರ್ಚಿಗೆ ರೆಕ್ಸಿನ್ನಿನ ದಿಂಬನ್ನು ಕಟ್ಟಿದ್ದರು. ಎರಡು ವರ್ಷ ಅದನ್ನು ಯಾರೂ ಬಿಚ್ಚಿರಲಿಲ್ಲ. ಒಂದು ಸಂಜೆ, ಏಳು ವರ್ಷದ ಮೊಮ್ಮಗ ನೆಲದ ಮೇಲೆ ಅಂಗಾತ ಮಲಗಿ, ಕುರ್ಚಿಯ ಕಾಲಿನೊಳಗಿಂದ ದೀಪವನ್ನು ನೋಡುತ್ತ ಆಡುತ್ತಿದ್ದ.

"ತಾತ, ನಿಮ್ಮ ಕುರ್ಚಿಗೆ ಕೂದಲು ಅಂಟಿಕೊಂಡಿದೆ" ಎಂದ. ಒರೆಸಿದ. ಅದು ಹೋಗಲಿಲ್ಲ.

ಮಗ ಬಂದು ದಿಂಬು ಬಿಚ್ಚಿ, ಕುರ್ಚಿಯನ್ನು ತಲೆಕೆಳಗು ಮಾಡಿ ದೀಪಕ್ಕೆ ಹಿಡಿದು ನೋಡಿದ. ಹಿಂಗಾಲು ಪೀಠವನ್ನು ಸೇರುವ ಮೂಲೆಯಲ್ಲಿ ಮೂರು ಎಳೆ ಬಿರುಕುಗಳಿದ್ದವು. ಒಂದರಲ್ಲಿ ಉಗುರು ಸಿಕ್ಕಿಕೊಳ್ಳುತ್ತಿತ್ತು. ಎಪ್ಪತ್ತು ದಾಟಿದ ತಂದೆ ದಿನಕ್ಕೆ ಮೂರು ಬಾರಿ ಕುಳಿತೇಳುತ್ತಿದ್ದ ಕುರ್ಚಿ ಅದು. ಮನೆಯವರೆಲ್ಲ ಒಂದು ಕ್ಷಣ ಮಾತಿಲ್ಲದೆ ನಿಂತರು.

"ಹೋಗಲಿ, ಕೆಲಸದಾಕೆಗೆ ಕೊಟ್ಟುಬಿಡೋಣ. ಅವಳ ಮನೆಯಲ್ಲಿ ಒಂದೂ ಕುರ್ಚಿಯಿಲ್ಲ" ಎಂದರು ಅತ್ತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಳೆಯದನ್ನು ಹಾಗೆ ದಾಟಿಸುವುದು ಎಲ್ಲ ಮನೆಗಳ ಪದ್ಧತಿ.

ಮಾವನವರು ತಲೆಯಾಡಿಸಿದರು. "ನನ್ನ ಸೊಂಟ ಮುರಿಯಬಾರದು, ಅವಳದು ಮುರಿಯಬಹುದೇ?"

ಮರುದಿನ ಮಗನು ಗರಗಸ ತಂದು ಕುರ್ಚಿಯ ಕಾಲುಗಳನ್ನು ಕತ್ತರಿಸಿ, ಇನ್ನಾರೂ ಕೂರಲಾರದಂತೆ ಮಾಡಿ ಗುಜರಿಯವನಿಗೆ ಕೊಟ್ಟ. ಅಟ್ಟದ ಮೇಲಿದ್ದ ಬೆತ್ತದ ಕುರ್ಚಿಯು ಕೆಳಗಿಳಿದು, ಬೆತ್ತ ಹೆಣೆಯುವವನಿಂದ ಹೊಸ ಆಸನವನ್ನು ಪಡೆದು ಮಾವನವರ ಪಾಲಿಗೆ ಬಂತು.

ಇಲ್ಲಿಯೇ ಎರಡು ಬಗೆಯ ಕುರ್ಚಿಗಳ ಅಂತರ ಸ್ಪಷ್ಟವಾಗುತ್ತದೆ. ಬೆತ್ತ ಹರಿದರೆ ಹೆಣೆಯಬಹುದು. ಮರದ ಕಾಲು ಸಡಿಲವಾದರೆ ಬಡಗಿ ಬಿಗಿಮಾಡುತ್ತಾನೆ. ಒಂದೇ ಎರಕದ ಪಾರದರ್ಶಕ ಕುರ್ಚಿಯಲ್ಲಿ ಬಿಚ್ಚಿ ಬದಲಾಯಿಸುವ ಭಾಗವೇ ಇಲ್ಲ. ಅಕ್ರಿಲಿಕ್ಕಿನ ಸಣ್ಣ ಗೀರುಗಳನ್ನು ನಯವಾದ ಪಾಲಿಷಿನಿಂದ ತಕ್ಕಮಟ್ಟಿಗೆ ತೆಗೆಯಬಹುದು. ಭಾರ ಹೊರುವ ಜಾಗದಲ್ಲಿ ಬಂದ ಬಿರುಕಿಗೆ ಯಾವ ಅಂಟನ್ನೂ ನಂಬಬಾರದು.

ಕೊಳ್ಳುವಾಗಲೇ ಎಚ್ಚರ ವಹಿಸಿದರೆ ಅರ್ಧ ಚಿಂತೆ ತಪ್ಪುತ್ತದೆ. ಪದಾರ್ಥ ಯಾವುದು, ಎಷ್ಟು ಭಾರ ತಾಳುತ್ತದೆ ಎಂಬುದನ್ನು ಬರಹದಲ್ಲಿ ಕೇಳಬೇಕು. ಪೀಠದ ಅಡಿಯಲ್ಲಿ ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್; ನೋಡಲು ತಿಳಿಯಾದರೂ ಸಾಮಾನ್ಯವಾಗಿ ಬೇಗ ಸಿಡಿಯುವ ಸ್ವಭಾವದ್ದು. 7 ಎಂಬುದು ಪಾಲಿಕಾರ್ಬೊನೇಟ್, ಅಕ್ರಿಲಿಕ್ ಮುಂತಾದ ಹಲವಕ್ಕೆ ಸೇರಿದ ಸಂಖ್ಯೆ. ಆದುದರಿಂದ ಹೆಸರನ್ನೂ ಕೇಳಿಯೇ ತಿಳಿಯಬೇಕು. ಮನೆಗೆ ತಂದ ಮೇಲೆ ದಿಂಬು ಬೇಕಾದರೆ ಹತ್ತಿಯದಿರಲಿ. ಒಂದರೊಳಗೊಂದು ಪೇರಿಸಿಡುವಾಗ ನಡುವೆ ಬಟ್ಟೆಯಿರಲಿ. ಮಕ್ಕಳು ಹಿಂಗಾಲುಗಳ ಮೇಲೆ ತೂಗಾಡದಿರಲಿ.

ಮೂರು ತಿಂಗಳಿಗೊಮ್ಮೆ ಪ್ರತಿ ಕುರ್ಚಿಯನ್ನೂ ದೀಪದ ಎದುರು ತಲೆಕೆಳಗು ಮಾಡಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಮರದೊಳಗಿನ ಗೆದ್ದಲು ಹೊರಗೆ ಕಾಣುವುದಿಲ್ಲ. ಈ ಕುರ್ಚಿಯಾದರೋ ತನ್ನ ದೋಷವನ್ನು ನೋಡಬಂದವರಿಂದ ಮುಚ್ಚಿಡಲಾರದು. ಇದರ ರಕ್ಷಣೆಗೆ ಕೈಯ ಶ್ರಮ ಕಡಿಮೆ ಸಾಕು, ಕಣ್ಣಿನ ಗಮನ ಹೆಚ್ಚು ಬೇಕು.

ಆ ಮನೆಯಲ್ಲಿ ಉಳಿದ ಮೂರು ಕುರ್ಚಿಗಳು ಐದನೆಯ ವರ್ಷದಲ್ಲಿಯೂ ಊಟದ ಮೇಜಿನ ಸುತ್ತ ಇವೆ. ಸ್ವಲ್ಪ ಮಬ್ಬು, ಒಂದಕ್ಕೆ ಸ್ವಲ್ಪ ಹಳದಿ. ಬಿರುಕು ಮಾತ್ರ ಇಲ್ಲ. ಮೊಮ್ಮಗನು ಈಗಲೂ ಆಗಾಗ ನೆಲದ ಮೇಲೆ ಮಲಗಿ ಅವುಗಳ ಕಾಲುಗಳನ್ನು ಪರೀಕ್ಷಿಸುತ್ತಾನೆ. ಏಳು ಎಂದು ಯಾರೂ ಅವನನ್ನು ಗದರಿಸುವುದಿಲ್ಲ.