ನರಸಿಂಹರಾಜು ದಪ್ಪಗಾದ ಬಗೆ

ಕನ್ನಡ ಚಿತ್ರರಂಗದ ಹಾಸ್ಯನಟರಲ್ಲಿ ಅಗ್ರಗಣ್ಯರಾದ ನರಸಿಂಹರಾಜು ಅವರ ಹಾಸ್ಯಕ್ಕೆ ಮಾತು ಎಷ್ಟು ಆಧಾರವೋ ಅವರ ಕೃಶಕಾಯವೂ ಅಷ್ಟೇ ಆಧಾರವಾಗಿತ್ತೆಂಬುದನ್ನು ಹಳೆಯ ಚಿತ್ರಗಳ ರಸಿಕರಾರೂ ಅಲ್ಲಗಳೆಯಲಾರರು. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಕಾಲು ಶತಮಾನದ ಕಾಲ ಆ ಬಡಕಲು ಮೈ, ಆ ಉದ್ದ ಮೋರೆ, ಆ ಮುಂಬಲ್ಲು ತೆರೆಯ ಮೇಲೆ ಕಾಣಿಸಿದೊಡನೆಯೇ, ಬಾಯಿ ತೆರೆಯುವುದಕ್ಕೆ ಮೊದಲೇ ಜನ ನಗುತ್ತಿದ್ದರು. ಅದೇ ನರಸಿಂಹರಾಜು ಇಂದು ಹೈ-ಡೆಫಿನಿಷನ್ ವಾಹಿನಿಯಲ್ಲಿ ಬಂದರೆ, ಕೆನ್ನೆ ಉಬ್ಬಿ, ಭುಜ ಅಗಲಿಸಿ, ಹೊತ್ತುಹೊತ್ತಿಗೆ ತುಪ್ಪ ಸುರಿದುಕೊಂಡು ಉಂಡ ಸುಖೀ ಗೃಹಸ್ಥರಂತೆ ತೋರುತ್ತಾರೆ. ಪಕ್ಕದಲ್ಲಿ ನಿಂತ ಇಪ್ಪತ್ತೈದರ ಪ್ರಾಯದ ರಾಜ್‌ಕುಮಾರ್ ಅವರ ನೀಳವಾದ ಮೈಕಟ್ಟೂ ಅದೇ ಗತಿಯನ್ನು ಪಡೆದು ಮೊಟಕಾಗಿರುತ್ತದೆ. ನಗು ಬಾರದಿದ್ದರೆ ನೋಡುವವನು ಹಳೆಯ ಚಿತ್ರವೇ ನೀರಸವೆಂದು ತೀರ್ಮಾನಿಸಿ ಬೇರೆ ವಾಹಿನಿಗೆ ಹೋಗುತ್ತಾನೆಯೇ ಹೊರತು, ಅಪರಾಧಿ ಯಾರೆಂದು ವಿಚಾರಿಸುವುದಿಲ್ಲ.

ಅಪರಾಧದ ಗಣಿತ ಬಲು ಸುಲಭವಾದುದು. ಆ ಕಾಲದ ಚಿತ್ರಗಳ ಚೌಕಟ್ಟು ಎತ್ತರ ಒಂದಾದರೆ ಅಗಲ 1.37ರ ಪ್ರಮಾಣದಲ್ಲಿತ್ತು, ಹಳೆಯ ದೂರದರ್ಶನದ ಚೌಕಟ್ಟು ಅದಕ್ಕೆ ತೀರ ಸಮೀಪವಾದ 4:3. ಇಂದಿನ ಟಿವಿಯ ಚೌಕಟ್ಟಾದರೋ 16:9. ಆ ಹಳೆಯ ಚೌಕಟ್ಟನ್ನು ಈ ಹೊಸದರಲ್ಲಿ ಇದ್ದ ಹಾಗೆಯೇ ಇಟ್ಟರೆ ಎರಡು ಪಾರ್ಶ್ವಗಳಲ್ಲಿಯೂ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿಗೆ ಹೆದರಿದ ವಾಹಿನಿ ಚಿತ್ರವನ್ನು ಅಡ್ಡಲಾಗಿ ಜಗ್ಗುತ್ತದೆ. ಆಗ ಪ್ರತಿಯೊಂದು ವಸ್ತುವೂ ತನ್ನ ನಿಜವಾದ ಅಗಲಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಅಗಲವಾಗುತ್ತದೆ. ಇನ್ನು ಕೆಲವರು ಜಗ್ಗುವ ಬದಲು ಮೇಲೂ ಕೆಳಗೂ ಕತ್ತರಿಸಿ, ಎತ್ತರದ ನಾಲ್ಕನೆಯ ಒಂದಂಶವನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಅಲ್ಲಿ ನಟಿಯ ಮುಡಿಯ ಹೂವೂ ಹೋಯಿತು, ನರ್ತಿಸುವ ಪಾದವೂ ಹೋಯಿತು. ಈ ಎರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಎರಡೂ ಸಲ್ಲವೆಂದೇ ನನ್ನ ಉತ್ತರ.

ಚಲನಚಿತ್ರದ ಮಾತು ವಿನೋದವೆಂದು ತಳ್ಳಿಹಾಕುವವರಿಗಾಗಿ ನಮ್ಮ ಕೋಲಾರದ ಚಿನ್ನದ ಗಣಿಗಳ ಮಾತನ್ನೇ ಹೇಳುತ್ತೇನೆ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿದ ಕಾಲದ ದೃಶ್ಯಗಳೆಲ್ಲ ಹಳೆಯ 4:3 ಕ್ಯಾಮೆರಾಗಳ ಕಾಲದವು. ಗಣಿಯನ್ನು ಮತ್ತೆ ತೆರೆಯಬೇಕೆಂಬ ಚರ್ಚೆ ಎದ್ದಾಗಲೆಲ್ಲ ವಾರ್ತಾವಾಹಿನಿಗಳು ಅಂಥ ತುಣುಕುಗಳನ್ನು ಹೊರತೆಗೆದು, ಜಗ್ಗಿ, ತೋರಿಸುತ್ತವೆ. ಶಾಫ್ಟಿನ ಮೇಲೆ ನಿಂತ ಉಕ್ಕಿನ ಹೆಡ್‌ಗೇರನ್ನೂ ಅದರ ನೆತ್ತಿಯ ರಾಟೆಚಕ್ರವನ್ನೂ ಹುಟ್ಟಿದಂದಿನಿಂದ ಕಂಡ, ಅಲ್ಲಿಯ ಚಾಂಪಿಯನ್ ರೀಫಿನ ಮುದುಕನೊಬ್ಬನು ಆ ತುಣುಕನ್ನು ನೋಡಿದರೆ, ಅವನಿಗೆ ಕಾಣುವುದು ಚಕ್ರವಲ್ಲ. ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದಂಥ ಒಂದು ಆಕಾರ. ಅದರ ಅರಗಳು ಮೇಲೆಕೆಳಗೆ ಗಿಡ್ಡವಾಗಿಯೂ ಅಡ್ಡಕ್ಕೆ ಉದ್ದವಾಗಿಯೂ ತೋರುತ್ತವೆ. ಅಂಥ ಚಕ್ರದ ಮೇಲೆ ಉಕ್ಕಿನ ಹಗ್ಗ ಓಡಿದ್ದರೆ ಕೇಜು ಮೊದಲ ದಿನವೇ ಪಾತಾಳಕ್ಕೆ ಬೀಳುತ್ತಿತ್ತು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಮನುಷ್ಯರನ್ನು ಇಳಿಸಿ ಮತ್ತೆ ಮೇಲಕ್ಕೆ ತಂದ ಊರು ಇದು. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬರುವುದಕ್ಕೂ ಮೂರು ವರ್ಷ ಮುಂಚೆಯೇ ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಊರು. ಇಂಥ ಊರಿನ ಯಂತ್ರದ ದಾಖಲೆಯನ್ನು ವಕ್ರಗೊಳಿಸಿ, ಅದರ ಮೂಲೆಯಲ್ಲಿ ‘ಎಚ್‌ಡಿ’ ಎಂಬ ಮುದ್ರೆಯನ್ನು ಒತ್ತುವುದು ಇತಿಹಾಸವನ್ನು ತಿದ್ದಿದಂತೆಯೇ ಸರಿ.

ವಾಹಿನಿಗಳ ಸಮಾಧಾನ ನಮಗೆ ಹೊಸದಲ್ಲ. ಜನಕ್ಕೆ ಕಪ್ಪು ಪಟ್ಟಿ ಬೇಡ. ಪಟ್ಟಿ ಕಂಡರೆ ‘ಪಿಕ್ಚರ್ ಪೂರ್ತಿ ಬರ್ತಿಲ್ಲ’ ಎಂದು ಕೇಬಲ್ಲಿನವನಿಗೆ ಫೋನು ಮಾಡುತ್ತಾರೆ. ಇಷ್ಟು ದುಡ್ಡು ಕೊಟ್ಟು ದೊಡ್ಡ ಟಿವಿ ತಂದವನು ಅದರ ಪಾರ್ಶ್ವಗಳು ಖಾಲಿ ಬಿದ್ದಿರುವುದನ್ನು ಸಹಿಸನು, ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳೆನು. ಆದರೆ ಅಂಥ ಪ್ರೇಕ್ಷಕನ ಕೈಯಲ್ಲಿ ರಿಮೋಟಿದೆ. ಅದರಲ್ಲಿ ಝೂಮ್ ಎಂಬ ಗುಂಡಿಯಿದೆ. ವಾಹಿನಿ ಚಿತ್ರವನ್ನು ಶುದ್ಧವಾಗಿ ಕಳುಹಿಸಿದರೆ, ಬೇಕಾದವನು ತನ್ನ ಮನೆಯಲ್ಲಿ ತನ್ನಿಚ್ಛೆಯಂತೆ ಕೆಡಿಸಿಕೊಳ್ಳಬಹುದು; ವಾಹಿನಿಯೇ ಕೆಡಿಸಿ ಕಳುಹಿಸಿದುದನ್ನು ಸರಿಪಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಒಂದೇ ಸಮನಾಗಿ ಜಗ್ಗಿದ್ದರೆ 4:3 ಎಂಬ ಆಯ್ಕೆಯಿಂದ ಹೇಗೋ ಹಿಂದಕ್ಕೆ ಕುಗ್ಗಿಸಬಹುದು. ನಡುವೆ ಕಡಿಮೆ, ಅಂಚಿನಲ್ಲಿ ಹೆಚ್ಚು ಎಂಬಂತೆ ಜಗ್ಗುವ ಇನ್ನೊಂದು ಜಾಣತನವುಂಟು. ಅದರಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ನಿಂತ ಮನುಷ್ಯನು ಅಂಚಿಗೆ ಸರಿದಂತೆಲ್ಲ ಊದಿಕೊಳ್ಳುತ್ತಾ ಹೋಗುತ್ತಾನೆ. ಇದಕ್ಕೆ ಯಾವ ರಿಮೋಟಿನಲ್ಲಿಯೂ ಮದ್ದಿಲ್ಲ.

ಪ್ರೇಕ್ಷಕನಿಗೆ ಆಕಾರಪ್ರಜ್ಞೆಯೇ ಇಲ್ಲವೆಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿತು. ಸ್ಕೋಪಿನ ರಹಸ್ಯವೇನೆಂದರೆ, ಕ್ಯಾಮೆರಾದ ಮಸೂರವು ಅಗಲವನ್ನು ಅರ್ಧಕ್ಕೆ ಕುಗ್ಗಿಸಿ ರೀಲಿನಲ್ಲಿ ಅಡಗಿಸುತ್ತದೆ. ಪ್ರೊಜೆಕ್ಟರಿನ ಮಸೂರವು ಅದನ್ನು ಮತ್ತೆ ಬಿಡಿಸುತ್ತದೆ. ಟೂರಿಂಗ್ ಟಾಕೀಸಿನ ಆಪರೇಟರನು ಈ ಎರಡನೆಯ ಮಸೂರವನ್ನು ಹಾಕಲು ಮರೆತನೆಂದರೆ, ತೆರೆಯ ಮೇಲೆ ನಾಯಕ ನಾಯಿಕೆಯರು ಬಿದಿರುಗಳಂತೆ ಸೆಟೆದು ನಿಲ್ಲುತ್ತಿದ್ದರು. ಕೂಡಲೇ ನೆಲದ ಮೇಲೆ ಕುಳಿತವರಿಂದ ಸಿಳ್ಳೆ, ಬೈಗುಳ, ‘ಲೆನ್ಸ್ ಹಾಕೋ’ ಎಂಬ ಕೂಗು ಏಳುತ್ತಿದ್ದಿತು. ನಾಲ್ಕಾಣೆ ಎಂಟಾಣೆ ಕೊಟ್ಟು ಮರಳಿನ ಮೇಲೆ ಕುಳಿತವನಿಗೆ ಇದ್ದ ಈ ಅಧಿಕಾರ, ತಿಂಗಳು ತಿಂಗಳು ಎಚ್‌ಡಿ ಪ್ಯಾಕಿಗೆ ಹಣ ಕಟ್ಟುವವನಿಗೆ ಇಲ್ಲವಾಯಿತಲ್ಲ! ಅವನ ಸಿಳ್ಳೆ ಯಾರಿಗೂ ಕೇಳಿಸದು.

ಬೇರೆಬೇರೆ ಅಳತೆಗಳು ಒಂದೆಡೆ ಕೂಡಿದಾಗ ಹೇಗೆ ವರ್ತಿಸಬೇಕೆಂಬುದಕ್ಕೆ ಬಂಗಾರಪೇಟೆಯ ರೈಲುನಿಲ್ದಾಣಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಸೀಮೆಯಲ್ಲಿಲ್ಲ. ಅದು ಬೌರಿಂಗ್‌ಪೇಟೆಯೆನಿಸಿದ್ದ ಕಾಲದಲ್ಲಿ, ಮದರಾಸಿನಿಂದ ಬೆಂಗಳೂರಿಗೆ ಹೋಗುವ ಐದೂವರೆ ಅಡಿಯ ಹಳಿಯೂ ಕೋಲಾರಕ್ಕೆ ಹೋಗುವ ಎರಡೂವರೆ ಅಡಿಯ ಕಿರುಹಳಿಯೂ ಅಲ್ಲಿ ಕೂಡುತ್ತಿದ್ದುವು. ಜನ ಒಂದು ಗಾಡಿಯಿಂದ ಇಳಿದು ಇನ್ನೊಂದನ್ನು ಹತ್ತುತ್ತಿದ್ದರು. ಮೂಟೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಾಗಿದ್ದಿತು. ತೊಂದರೆಯೇನೋ ಹೌದು. ಆದರೂ ಕಿರುಗಾಡಿಯ ಡಬ್ಬಿಯನ್ನು ಎರಡು ಕಡೆಯಿಂದ ಜಗ್ಗಿ ದೊಡ್ಡ ಹಳಿಯ ಮೇಲೆ ಕೂರಿಸೋಣವೆಂದು ಯಾವ ಎಂಜಿನಿಯರನೂ ಸೂಚಿಸಲಿಲ್ಲ. ಮುಂದೆ ಬ್ರಾಡ್‌ಗೇಜ್ ಬೇಕೆನಿಸಿದಾಗ ಹಳಿಯನ್ನೇ ಹೊಸದಾಗಿ ಹಾಕಿದರು.

ಅಗಲ ಚಿತ್ರಗಳಿಗೂ ಈ ರೋಗ ತಪ್ಪಿದ್ದಲ್ಲ. ಪ್ರಶಾಂತ್ ನೀಲ್ ನಿರ್ದೇಶಿಸಿ, ಭುವನ್ ಗೌಡ ಛಾಯಾಗ್ರಹಣ ಮಾಡಿ, 2018ರ ಡಿಸೆಂಬರ್ 21ರಂದು ತೆರೆಕಂಡು, ನಮ್ಮೂರಿನ ಹೆಸರನ್ನು ದೇಶಾಂತರಗಳಿಗೆ ಒಯ್ದ ‘ಕೆ.ಜಿ.ಎಫ್’ನ ಚಿತ್ರೀಕರಣಕ್ಕೆ ಇಲ್ಲಿಯ ಚಿನ್ನದ ಗಣಿಗಳ ಸೈನೈಡ್ ದಿಬ್ಬಗಳ ನೆಲವನ್ನೇ ಆರಿಸಿದ್ದರು. ಆ ಬೂದು ದಿಬ್ಬಗಳ ಭೀಕರತೆ ಇರುವುದು ಅವುಗಳ ಎತ್ತರದಲ್ಲಲ್ಲ, ಕಣ್ಣು ಹರಿಯುವಷ್ಟು ದೂರ ಅಡ್ಡಲಾಗಿ ಚಾಚಿಕೊಂಡಿರುವ ಅವುಗಳ ಹರವಿನಲ್ಲಿ. ಅಂಥ ನೆಲವನ್ನು ಹಿಡಿದ ಸ್ಕೋಪ್ ಚೌಕಟ್ಟನ್ನು ಮೇಲೆಕೆಳಗಿನ ಪಟ್ಟಿ ಕಾಣದಂತೆ ಟಿವಿಯ ತುಂಬ ಹಿಗ್ಗಿಸಿದರೆ, ಎಡಬಲಗಳೆರಡೂ ಸೇರಿ ಅಗಲದ ಕಾಲುಭಾಗ ಕಡಿದುಹೋಗುತ್ತದೆ. ಉಳಿಯುವುದು ಮುಖಗಳು ಮಾತ್ರ, ಊರು ಉಳಿಯುವುದಿಲ್ಲ.

ಕಾನೂನಿನ ಆಸರೆಯಾದರೂ ಉಂಟೇ ಎಂದರೆ, 1957ರ ಕೃತಿಸ್ವಾಮ್ಯ ಶಾಸನದ 57ನೆಯ ವಿಧಿ ಕರ್ತೃವಿಗೆ ತನ್ನ ಕೃತಿಯ ವಿರೂಪವನ್ನು ತಡೆಯುವ ವಿಶೇಷ ಹಕ್ಕನ್ನು ಕೊಟ್ಟಿದೆ. ಆದರೆ ಚಲನಚಿತ್ರದ ಮಟ್ಟಿಗೆ ಶಾಸನ ಕರ್ತೃವೆಂದು ಕರೆಯುವುದು ನಿರ್ಮಾಪಕನನ್ನು. ಚೌಕಟ್ಟನ್ನು ಕಟ್ಟಿದ ನಿರ್ದೇಶಕನಿಗಾಗಲಿ ಛಾಯಾಗ್ರಾಹಕನಿಗಾಗಲಿ ಅಲ್ಲಿ ಸ್ಥಾನವಿಲ್ಲ. ಪ್ರಸಾರದ ಹಕ್ಕನ್ನು ಮಾರಿ ಹಣ ಎಣಿಸಿಕೊಂಡ ನಿರ್ಮಾಪಕನು ನರಸಿಂಹರಾಜುವಿನ ಕೆನ್ನೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವನೆಂದು ನಂಬುವಷ್ಟು ಮುಗ್ಧನು ನಾನಲ್ಲ. ಕೇಬಲ್ ಟೆಲಿವಿಷನ್ನಿನ ಕಾರ್ಯಕ್ರಮ ಸಂಹಿತೆ ಅಶ್ಲೀಲವನ್ನೂ ಮತನಿಂದೆಯನ್ನೂ ನಿಷೇಧಿಸುತ್ತದೆ. ಆಕೃತಿಯ ವಿಷಯದಲ್ಲಿ ಮೌನವಾಗಿದೆ. ದರದ ವಿಷಯಕ್ಕೆ ಬಂದರೆ ಮಾತ್ರ ಯಾರಿಗೂ ಮರೆವಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಹೊರಡಿಸಿದ ದರಾದೇಶದ ವ್ಯವಸ್ಥೆಯಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾಮಾನ್ಯ ವಾಹಿನಿಗಳಿಗೆ ಸಮವೆಂದು ಲೆಕ್ಕ ಹಿಡಿದರು. 576 ಗೆರೆಗಳ ಹಳೆಯ ಟೇಪನ್ನು ಜಗ್ಗಿ 1080 ಗೆರೆಗಳಲ್ಲಿ ಹರಡಿದ ಮಾತ್ರಕ್ಕೆ ಅದು ಎರಡರ ಬೆಲೆಗೆ ಅರ್ಹವಾಗುವುದು ಯಾವ ನ್ಯಾಯ?

ಸಮುದ್ರದಾಚೆ ಇಂಥದೇ ಜಗಳ ನಡೆದು ಗೆದ್ದವರುಂಟು. ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ವ್ಯಂಗ್ಯಚಿತ್ರಮಾಲೆಯ ಹಳೆಯ ಕಂತುಗಳನ್ನು 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಕತ್ತರಿಸಿದ ಚೌಕಟ್ಟಿನಲ್ಲಿ ತೋರಿಸಿತು. ಹಾಸ್ಯದ ಕೀಲು ಅಡಗಿದ್ದ ಭಾಗವೇ ಕೆಲವು ದೃಶ್ಯಗಳಲ್ಲಿ ಮಾಯವಾಗಿದ್ದಿತು. ಅಭಿಮಾನಿಗಳು ಬಿಡಲಿಲ್ಲ. 2020ರ ಮೇ ತಿಂಗಳಲ್ಲಿ ಮೂಲ ಆಕಾರ ಮರಳಿತು.

‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿಯೂ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿಯೂ ಬಣ್ಣ ಹಚ್ಚಿ ಬಿಡುಗಡೆ ಮಾಡಿದಾಗ ಯಾರೂ ಆಕ್ಷೇಪಿಸಲಿಲ್ಲವಲ್ಲ ಎಂದು ಕೇಳುವವರುಂಟು. ಬಣ್ಣ ಹಚ್ಚಿದವರು ಹಚ್ಚಿದ್ದೇವೆಂದು ಭಿತ್ತಿಪತ್ರದ ಮೇಲೆ ಸಾರಿಯೇ ಟಿಕೆಟ್ ಮಾರಿದರು. ನನಗೆ ಆ ಬಣ್ಣ ರುಚಿಸದು; ಅದು ಬೇರೆ ಮಾತು. ವಾಹಿನಿಗಳೂ ಅಷ್ಟನ್ನಾದರೂ ಮಾಡಲಿ: ಜಗ್ಗಿದ ಅಥವಾ ಕತ್ತರಿಸಿದ ಚಿತ್ರವು ಪ್ರಾರಂಭವಾಗುವಾಗ, ಧೂಮಪಾನದ ಎಚ್ಚರಿಕೆಗೆ ಕೊಡುವಷ್ಟೇ ಜಾಗದಲ್ಲಿ, ‘ಇದರ ಮೂಲ ಆಕಾರವನ್ನು ಬದಲಾಯಿಸಲಾಗಿದೆ’ ಎಂಬ ಒಂದು ಸಾಲನ್ನು ಅಚ್ಚಗನ್ನಡದಲ್ಲಿ ಹಾಕಲಿ. ಆ ಸಾಲನ್ನು ಹಾಕಲು ನಾಚಿಕೆಯಾದರೆ, ಚಿತ್ರವನ್ನು ಅದರ ಪಾಡಿಗೆ ಬಿಟ್ಟು ಪಕ್ಕದಲ್ಲಿ ಕಪ್ಪು ಪಟ್ಟಿಯನ್ನು ಇರಗೊಡಲಿ.