ಮಾಯೆಗೂ ಒಂದು ಊರು, ಒಂದು ಕಟ್ಟಳೆ

ಆರನೇ ತರಗತಿಯಿಂದ ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ಕನ್ನಡದಲ್ಲಿ ಓದಲು ಏನು ಕೊಡೋಣ ಎಂದು ಕೇಳುವ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಬರೆಯುವವರಲ್ಲಿ ಮೇಷ್ಟ್ರುಗಳಿದ್ದಾರೆ, ತಾಯಂದಿರಿದ್ದಾರೆ. ಪುಟ್ಟ ಮಕ್ಕಳಿಗೆ ಚಿತ್ರಗಳಿರುವ ಕಥೆ ಪುಸ್ತಕ ಸಿಗುತ್ತದೆ, ದೊಡ್ಡವರಿಗೆ ಕಾದಂಬರಿ ಸಿಗುತ್ತದೆ. ನಡುವಿನ ಪ್ರಾಯದವರು ಮಾಯೆ, ಮಂತ್ರ, ಸಾಹಸ ಬೇಕೆಂದು ಹೊರಟರೆ ಇಂಗ್ಲಿಷ್ ಪುಸ್ತಕದ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ. ಒಮ್ಮೆ ಅಲ್ಲಿಗೆ ಹೋದವರು ಕನ್ನಡದ ಕಪಾಟಿಗೆ ಮರಳಿ ಬರುವುದು ಅಪರೂಪ. ಈ ಸಂಚಿಕೆಯ ಬಹುಪಾಲು ಪುಟಗಳನ್ನು ಈ ಓದುಗರಿಗೆ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ.

ಕಥೆಯ ಸರಕು ನಮ್ಮಲ್ಲಿಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಜಿನನಾಥಪುರಕ್ಕೆ ಕರೆದುಕೊಂಡು ಹೋಗಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಡಗಣ ಬದಿಗಿರುವ ಸಣ್ಣ ಊರು ಅದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ್ದು. ಅಲ್ಲಿಯ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ದಂಡನಾಯಕ ರೇಚಣ ಮಾಡಿಸಿದ. ಗೊಮ್ಮಟನನ್ನು ನೋಡಿ ಹಿಂದಿರುಗುವ ಬಹುತೇಕ ಯಾತ್ರಿಕರು ಇತ್ತ ಬರುವುದೇ ಇಲ್ಲ. ಬಂದವರು ಹೊರಗೋಡೆಯ ಸುತ್ತ ಒಂದು ಸುತ್ತು ಹಾಕಿದರೆ ತೀರ್ಥಂಕರರು, ಯಕ್ಷ ಯಕ್ಷಿಯರು, ಕುಣಿಯುವವರು, ವಾದ್ಯ ನುಡಿಸುವವರು ಸಾಲಾಗಿ ಎದುರಾಗುತ್ತಾರೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ಸಾಲಿನ ಮುಂದೆ ನಿಂತರೆ ಅವಳು ಮೊದಲು ಕೇಳುವುದು ಶೈಲಿಯ ಬಗ್ಗೆಯೋ ಇಸವಿಯ ಬಗ್ಗೆಯೋ ಆಗಿರುವುದಿಲ್ಲ. ಇವರೆಲ್ಲ ಯಾರು, ಏನು ಮಾಡಬಲ್ಲರು ಎಂದು ಕೇಳುತ್ತಾಳೆ. ಕಾದಂಬರಿ ಹುಟ್ಟುವುದು ಆ ಪ್ರಶ್ನೆಯಿಂದಲೇ.

ಆ ಬಸದಿ ಎದ್ದ ಕಾಲ ಎಂಥದೆಂದು ಗಮನಿಸಿ. ಹೆಚ್ಚುಕಡಿಮೆ ಅದೇ ತಲೆಮಾರಿನಲ್ಲಿ ನೇಮಿಚಂದ್ರ ‘ಲೀಲಾವತಿ ಪ್ರಬಂಧ’ ಬರೆದ. ಕದಂಬರ ರಾಜಕುಮಾರ ಕಂದರ್ಪದೇವ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಗೆಳೆಯ ಮಕರಂದನ ಜೊತೆ ದೇಶಾಂತರ ಹೊರಡುವ ಕಥೆ ಅದು. ಸುಮಾರು 1180ರಲ್ಲಿ ಬೊಪ್ಪಣ ಪಂಡಿತ ಗೊಮ್ಮಟನ ಬಳಿ ಕನ್ನಡದಲ್ಲೇ ಒಂದು ಶಾಸನ ಬರೆದ. ಪೌದನಪುರದಲ್ಲಿ ಭರತ ನಿಲ್ಲಿಸಿದ್ದ 525 ಬಿಲ್ಲೆತ್ತರದ ಬಾಹುಬಲಿಯನ್ನು ಕುಕ್ಕುಟಸರ್ಪಗಳು ಮುತ್ತಿಕೊಂಡು, ಅದು ಜನರ ಕಣ್ಣಿಗೆ ಕಾಣದಂತಾಯಿತು ಎಂದು ಅದರಲ್ಲಿದೆ. ಕೋಳಿಯ ತಲೆ, ಹಾವಿನ ಮೈ. ಅವುಗಳ ಕಾವಲಿನಲ್ಲಿ ದೂರದ ಊರಿನ ಒಂದು ಮೂರ್ತಿ. ಗಂಗರ ಮಂತ್ರಿ ಚಾವುಂಡರಾಯ ಅಲ್ಲಿಗೆ ಹೋಗಲಾಗದೆ ಇಲ್ಲೇ ಮೂರ್ತಿ ಮಾಡಿಸಿದ. ಜನ ಮುಂದೆ ಈ ಕಥೆಗೆ ಕನಸನ್ನೂ ಬಾಣವನ್ನೂ ಸೇರಿಸಿದರು. ಚಿಕ್ಕಬೆಟ್ಟದ ಬುಡದ ಬಂಡೆಯ ಮೇಲೆ ನಿಂತು ಅವನು ದೊಡ್ಡಬೆಟ್ಟಕ್ಕೆ ಬಿಟ್ಟ ಬಾಣ ತಾಗಿದ ಕಡೆ ಬಾಹುಬಲಿ ಕಾಣಿಸಿದನಂತೆ. ಆ ಬಂಡೆಯನ್ನು ಇವತ್ತಿಗೂ ತೋರಿಸುತ್ತಾರೆ.

ಈ ಸೀಮೆಯ ಕಥೆಗಳಲ್ಲಿ ನಮ್ಮ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಚಂದ್ರಗುಪ್ತ ಮುನಿಯ ಕಥೆಯಲ್ಲಿ. ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಅವನ ಗುರು ಭದ್ರಬಾಹು ಭಟಾರರದೂ ಒಂದು. ಜೈನ ಪರಂಪರೆ ಹೇಳಿಕೊಂಡು ಬಂದಿರುವುದು ಹೀಗೆ: ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ತಿಳಿದ ಭದ್ರಬಾಹು ಶಿಷ್ಯರೊಡನೆ ದಕ್ಷಿಣಕ್ಕೆ ಹೊರಟರು. ಚಿಕ್ಕಬೆಟ್ಟಕ್ಕೆ ಬಂದಾಗ ತಮ್ಮ ಆಯುಸ್ಸು ಮುಗಿಯಿತೆಂದು ಅರಿತು, ಸಂಘವನ್ನು ಮುಂದಕ್ಕೆ ಕಳಿಸಿ ತಾವು ಉಳಿದರು. ಸೇವೆಗೆ ಉಳಿದವನು ಚಂದ್ರಗುಪ್ತ. ಸುತ್ತ ಕಾಡು. ಭಿಕ್ಷೆ ನೀಡಲು ಒಂದು ಮನೆಯೂ ಇಲ್ಲ. ಭಿಕ್ಷೆಗೆ ಹೊರಟ ಅವನಿಗೆ ಬಳೆ ತೊಟ್ಟ ಒಂದು ಕೈ ಮಾತ್ರ ಕಾಣಿಸಿ ಅನ್ನ ನೀಡಲು ಬಂತು. ಕೈಯ ಹಿಂದೆ ಯಾರೂ ಇಲ್ಲ. ನೀಡುವವರು ಎದುರಿಗೆ ನಿಂತು ವಿಧಿಯಂತೆ ನೀಡದೆ ಮುನಿ ಉಣ್ಣುವಂತಿಲ್ಲ. ಅವನು ಹಸಿದುಕೊಂಡೇ ಮರಳಿ ಬಂದ. ಗುರು ಮೆಚ್ಚಿದರು. ಆಮೇಲೊಂದು ದಿನ ಕಾಡಿನ ನಡುವೆ ಒಂದು ಊರೇ ಎದುರಾಯಿತು. ಬೀದಿ, ಮನೆ, ಜನ ಎಲ್ಲ ಇದ್ದರು; ಕ್ರಮದಂತೆ ಆಹಾರ ಸಿಕ್ಕಿತು. ವರ್ಷಗಳ ಮೇಲೆ ಸಂಘ ಹಿಂದಿರುಗಿದಾಗ ಅವರೂ ಅದೇ ಊರಿನಲ್ಲಿ ಉಂಡು ಬಂದರು. ಒಬ್ಬ ಕಮಂಡಲು ಮರೆತಿದ್ದ. ತರಲು ಹೋದರೆ ಊರಿಲ್ಲ, ಬೀದಿಯಿಲ್ಲ. ಮರದ ಕೊಂಬೆಗೆ ಕಮಂಡಲು ತೂಗುಬಿದ್ದಿದೆ. ತಾವು ಉಂಡದ್ದು ವನದೇವತೆ ನೀಡಿದ ಅನ್ನವೆಂದು ಆಗ ತಿಳಿಯಿತು. ದೇವತೆಗಳ ಅನ್ನ ಮುನಿಗಳಿಗೆ ಸಲ್ಲದೆಂದು ಅವರು ಪ್ರಾಯಶ್ಚಿತ್ತ ಮಾಡಿಕೊಂಡರು.

ಮೌರ್ಯ ದೊರೆ ಚಂದ್ರಗುಪ್ತ ಇಲ್ಲಿಗೆ ಬಂದದ್ದು ಎಷ್ಟು ಇತಿಹಾಸ, ಎಷ್ಟು ಐತಿಹ್ಯ ಎಂಬ ಚರ್ಚೆ ಹಳೆಯದು. ಅದನ್ನು ವಿದ್ವಾಂಸರು ನೋಡಿಕೊಳ್ಳಲಿ. ಕಥೆಯಾಗಿ ಇದರ ಕಟ್ಟು ನೋಡಿ. ಅದ್ಭುತ ಬಂದು ಕೈನೀಡಿದರೂ ನಾಯಕ ಮೊದಲು ಬೇಡವೆನ್ನುತ್ತಾನೆ. ಅವನಿಗೊಂದು ಕಟ್ಟಳೆಯಿದೆ; ಹೊಟ್ಟೆ ಹಸಿದರೂ ಅದನ್ನು ಮುರಿಯುವುದಿಲ್ಲ. ಮಾಯೆ ಅವನಿಗೆ ಒಗ್ಗುವಂತೆ ತನ್ನ ರೂಪ ಬದಲಿಸಿಕೊಳ್ಳಬೇಕಾಗುತ್ತದೆ. ಕೊನೆಗೆ ಸುಳಿವು ಸಿಗುವುದು ಒಂದು ಮಾಮೂಲಿ ವಸ್ತುವಿನಿಂದ. ಸುಳಿವು ಸಿಕ್ಕ ಮೇಲೆ ಬೆರಗಿನ ಜೊತೆಗೆ ಹೊಣೆಯೂ ಹೆಗಲೇರುತ್ತದೆ. ಹದಿಮೂರರ ಓದುಗರನ್ನು ಹಿಡಿದು ಕೂರಿಸುವುದು ಇಂಥ ಕಟ್ಟೇ. ಆ ಪ್ರಾಯದಲ್ಲಿ ನ್ಯಾಯದ ಲೆಕ್ಕ ಬಲು ಚುರುಕು. ಮಂತ್ರ ಹಾಕಿದ್ದೇ ತಡ ಎಲ್ಲ ಸರಿಹೋದರೆ ಅವರು ಪುಸ್ತಕ ಮುಚ್ಚಿಡುತ್ತಾರೆ. ಮಂತ್ರಕ್ಕೆ ಮಿತಿ ಎಲ್ಲಿ, ಅದರ ಬೆಲೆ ಏನು, ತಪ್ಪಿದರೆ ಏನಾಗುತ್ತದೆ ಎಂದು ಗೊತ್ತಾದರೆ ರಾತ್ರಿ ದೀಪ ಆರಿಸುವುದಿಲ್ಲ.

ಕನ್ನಡದ ಮಕ್ಕಳು ಇಂಥ ಕಥೆಯ ರುಚಿ ಕಂಡಿಲ್ಲವೆಂದೇನೂ ಇಲ್ಲ. ‘ಚಂದಮಾಮ’ ಕನ್ನಡದಲ್ಲಿ 1949ರಲ್ಲಿ ಶುರುವಾಯಿತು. ಅದರ ಮಾಂತ್ರಿಕರ, ರಾಜಕುಮಾರರ ಧಾರಾವಾಹಿಗಳಿಗಾಗಿ ತಿಂಗಳು ಪೂರ್ತಿ ಕಾದ ತಲೆಮಾರುಗಳಿವೆ. ಅದಾದ ಮೇಲೆ ‘ಬಾಲಮಂಗಳ’ದ ಡಿಂಗ ಬಂದ. ‘ಚಂದಮಾಮ’ ನಿಂತುಹೋದಾಗ ತಿಂಗಳು ತಿಂಗಳೂ ಮುಂದುವರಿಯುವ ಆ ಉದ್ದನೆಯ ಓದಿನ ಅಭ್ಯಾಸವೂ ಮನೆಗಳಿಂದ ಮರೆಯಾಯಿತು. ಇತ್ತ ಮಕ್ಕಳ ಕಾದಂಬರಿ ಸೊರಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ಬಂತು. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಹೀಗೆ ಸತತ ಮೂರು ವರ್ಷ ಕನ್ನಡದ ಕಾದಂಬರಿಗಳೇ ಅದನ್ನು ಪಡೆದವು. ಊರು, ಕಾಡು, ಶಾಲೆ, ಮನೆ ಇವನ್ನು ಮಕ್ಕಳ ಕಣ್ಣಿಂದ ಬರೆಯಬಲ್ಲವರು ನಮ್ಮಲ್ಲಿದ್ದಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಕಣ್ಣು ಮಾಯೆಯ ಕಡೆಗೂ ಒಂದಿಷ್ಟು ತಿರುಗಲಿ ಎಂಬುದು ನಮ್ಮ ಕೋರಿಕೆ.

ತಿರುಗುವಾಗ ಹೊರಗಿನ ಮಂತ್ರದಂಡ, ಹೊರಗಿನ ಕೋಟೆ, ಹೊರಗಿನ ಹಿಮ ತರುವ ಅಗತ್ಯವಿಲ್ಲ. ಹೊರಗಿನವರು ಹೇಗೆ ಬರೆದರೆಂದು ನೋಡಿ ಕಲಿಯುವುದು ಬೇಕಾದಷ್ಟಿದೆ. ಇಂಗ್ಲೆಂಡಿನ ಅಲನ್ ಗಾರ್ನರ್ 1960ರಲ್ಲಿ ‘ದಿ ವಿಯರ್ಡ್‌ಸ್ಟೋನ್ ಆಫ್ ಬ್ರಿಸಿಂಗಮೆನ್’ ಬರೆದರು. ಅವರ ಊರಿನ ಆಲ್ಡರ್ಲಿ ಎಜ್ ಗುಡ್ಡದ ಬಗ್ಗೆ ಅಜ್ಜ ಹೇಳುತ್ತಿದ್ದ ಕಥೆಯೇ ಅದಕ್ಕೆ ಬೀಜ. ಬಿಳಿ ಕುದುರೆಯನ್ನು ಸಂತೆಗೆ ಮಾರಲು ಹೊರಟ ರೈತನನ್ನು ಮುದುಕನೊಬ್ಬ ತಡೆಯುತ್ತಾನೆ. ಗುಡ್ಡದ ಬಂಡೆ ತೆರೆದುಕೊಳ್ಳುತ್ತದೆ. ಒಳಗೆ ವೀರರು ಮಲಗಿದ್ದಾರೆ, ಒಬ್ಬನಿಗೆ ಒಂದು ಕುದುರೆ ಕಡಿಮೆ. ಗಾರ್ನರ್ ಆ ಗುಡ್ಡದ ದಾರಿ, ಬಂಡೆ, ಬಾವಿಗಳನ್ನು ಇದ್ದಂತೆಯೇ ಬರೆದರು. ಓದಿದ ಮಕ್ಕಳು ಪುಸ್ತಕ ಹಿಡಿದುಕೊಂಡೇ ಆ ಜಾಗ ಹುಡುಕಿಕೊಂಡು ಹೋಗಬಹುದು. ನಮ್ಮಲ್ಲಿ ತೇಜಸ್ವಿ ‘ಕರ್ವಾಲೊ’ದಲ್ಲಿ (1980) ಮಾಡಿದ್ದೂ ಇದೇ ಜಾತಿಯ ಕೆಲಸ. ಹಾರುವ ಓತಿಯನ್ನು ನಾವು ನಂಬುವುದು ಜೇನು ಹುಳು, ಗದ್ದೆ, ಮಂದಣ್ಣ, ಕೋರ್ಟು ಎಲ್ಲ ಮೂಡಿಗೆರೆ ಕಡೆಯ ಮಣ್ಣಿನವೇ ಆಗಿರುವುದರಿಂದ. ಅದು ಮಾಯೆಯ ಕಥೆಯಲ್ಲ, ಮಕ್ಕಳಿಗೆಂದು ಬರೆದದ್ದೂ ಅಲ್ಲ. ಆದರೂ ಹೈಸ್ಕೂಲಿನ ಹುಡುಗರು ಅದನ್ನು ಬಿಡದೆ ಓದುತ್ತಾರೆ.

ಹಾಗಾದರೆ ಜಿನನಾಥಪುರದ ಕಾದಂಬರಿ ಹೇಗಿರಬಹುದು? ಬರೆಯುವವರು ಕಂಡುಕೊಳ್ಳಲಿ. ನಮ್ಮ ಆಸೆ ಇಷ್ಟು: ಕಥೆಯ ಮಕ್ಕಳು ಚನ್ನರಾಯಪಟ್ಟಣದ ಬಸ್ಸು ಹತ್ತುವವರಾಗಿರಲಿ, ಹಾಸನ ಸೀಮೆಯ ಮಾತನ್ನೇ ಆಡಲಿ. ತೆಂಗಿನ ತೋಟ, ರಾಗಿ ಹೊಲ, ಕೆರೆ ಏರಿ ಕಥೆಯೊಳಗೆ ಕೆಲಸ ಮಾಡಲಿ, ಬರಿಯ ಹಿನ್ನೆಲೆಯಾಗಿ ನಿಲ್ಲದಿರಲಿ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು, ಚಂದ್ರಗುಪ್ತರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೊರೆದ ಕಲ್ಲಿನ ಜಾಲಂಧ್ರಗಳಿವೆ. ಕೆತ್ತಿದವನ ಹೆಸರು ದಾಸೋಜ ಎಂದು ಅಲ್ಲೇ ಇದೆ. ಆ ಚೌಕಗಳಲ್ಲಿ ಒಂದು ರಾತ್ರೋರಾತ್ರಿ ಬದಲಾದರೆ? ಗೊಮ್ಮಟನ ಅಭಿಷೇಕದಲ್ಲಿ ಗುಳ್ಳಕಾಯಜ್ಜಿ ಎಂಬ ಮುದುಕಿಯ ಪುಟ್ಟ ಗುಳ್ಳಕಾಯಿಯ ಹಾಲು, ಸೊಕ್ಕಿನ ಕೊಡಗಳು ಸೋತ ಕಡೆ ಇಡೀ ಮೂರ್ತಿಯನ್ನು ತೋಯಿಸಿತು ಎನ್ನುತ್ತಾರೆ. ಆ ಗುಳ್ಳಕಾಯಿ ಇವತ್ತು ಯಾರ ಮನೆಯ ಅಟ್ಟದಲ್ಲಿದೆ? ಇಂಥ ಒಂದು ಪ್ರಶ್ನೆ ಸಾಕು, ಇನ್ನೂರು ಪುಟ ನಡೆಸಬಹುದು.

ಎರಡು ಎಚ್ಚರದ ಮಾತು. ಈ ಕಥೆಗಳು ಬದುಕಿರುವ ಜನರ ನಂಬಿಕೆಯೊಳಗಿವೆ. ಕಲ್ಪನೆಯನ್ನು ಇತಿಹಾಸವೆಂದು ಮಕ್ಕಳಿಗೆ ಹೇಳಬಾರದು. ನಂಬಿಕೆಯನ್ನು ಹಗುರವಾಗಿಯೂ ಕಾಣಬಾರದು. ಊರಿನ ಹಿರಿಯರನ್ನು ಕೇಳಿ, ಕಥೆಯ ಕಟ್ಟಳೆ ತಿಳಿದು, ಆಮೇಲೆ ಹೊಸದನ್ನು ಕಟ್ಟಬೇಕು. ಇನ್ನೊಂದು, ಕೊನೆಯ ಪುಟದಲ್ಲಿ ನೀತಿ ಹೇಳುವ ನಮ್ಮ ಹಳೇ ಚಾಳಿ. ಕಮಂಡಲುವಿನ ಕಥೆಯಲ್ಲಿ ನೀತಿಯೆಲ್ಲ ಮುನಿಯ ನಡೆಯೊಳಗೇ ಇದೆ. ಹಸಿದವನು ಹಿಂದಿರುಗಿ ಬಂದ ಎಂದರೆ ಹದಿಮೂರರವರಿಗೆ ಅರ್ಥವಾಗುತ್ತದೆ. ಅದರ ಮೇಲೆ ನಾವು ಉಪದೇಶ ಮಾಡಹೋದರೆ ಅವರ ಬುದ್ಧಿಗೆ ಅವಮಾನ.

ಮುಂದಿನ ಸಂಚಿಕೆಯಿಂದ ಈ ಪ್ರಾಯದವರಿಗಾಗಿ ಒಂದು ಧಾರಾವಾಹಿ ಕಾದಂಬರಿಗೆ ಜಾಗ ತೆರೆದಿಡುತ್ತಿದ್ದೇವೆ. ಹೊಸಬರು, ಹಳಬರು ಯಾರು ಬೇಕಾದರೂ ಕಳಿಸಬಹುದು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಿಕ್ಷಕರು ತಮ್ಮ ಶಾಲೆಯ ಮಕ್ಕಳಿಗೆ ಮೊದಲ ಅಧ್ಯಾಯ ಓದಿ ಹೇಳಿ, ಮಕ್ಕಳು ಮುಂದೇನಾಯಿತು ಎಂದು ಕೇಳಿದರೆ ಮಾತ್ರ ನಮಗೆ ಕಳಿಸಲಿ. ನಮಗಿಂತ ಆ ಮಕ್ಕಳೇ ಒಳ್ಳೆಯ ಸಂಪಾದಕರು. ಅವರು ಒಪ್ಪಿದ ಕಾದಂಬರಿಯನ್ನು ಅಚ್ಚು ಮಾಡಿ ನಾಡಿನ ಉಳಿದ ಮಕ್ಕಳ ಕೈಗೆ ತಲುಪಿಸುವ ಹೊಣೆ ನಮ್ಮದು.